ಎಲ್ರೂ ಬೇರೆಬೇರೆ ಕಡೆ ಬುಕ್ ಮಾಡ್ಯಾರೆ, ಹಡಗಿನಲ್ಲಿ ಒಟ್ಟಿಗೆ ಇರೋದು ಹೆಂಗೆ?

ಪಿಜೆ ಬಡಾವಣೆ ಹುಡುಗ:
ಎಲ್ರಿಗೂ ನಮಸ್ಕಾರ, ನಮ್ದು ದಾವಣಗೆರೆ. ಅಪ್ಪ ಅಮ್ಮನ ಮದುವೆಯಾಗಿ ಈ ವರ್ಷ 50 ವರ್ಷ ತುಂಬ್ತೈತೆ, ಛತ್ರ ಹಿಡಿದು ಊಟ ಹಾಕ್ಸೋ ಬದ್ಲು ಮನೆಯವ್ರೆಲ್ಲ ಸೇರಿ ಮುಂಬೈಯಿಂದ ಗೋವಾಕ್ಕೆ ಹೋಗಿ ಬರೋ ಕ್ರೂಸ್ ಮಾಡೋಣ ಅಂತ ಮಾತಾಯ್ತು. ಡೇಟ್ ಹೇಳಿದ್ದೇ ತಡ ಎಲ್ರೂ ಅವರವರ ಅನುಕೂಲಕ್ಕೆ ತಕ್ಕಂಗೆ ಬುಕ್ ಮಾಡ್ಬಿಟ್ಟಾರೆ. ನಾವು ವೆಬ್‌ಸೈಟ್‌ನಾಗೆ, ಬೆಂಗಳೂರಿನ ಅಕ್ಕ ಭಾವ ಯಾವ್ದೋ ಕಾರ್ಡ್ ಆಫರ್‌ನಾಗೆ, ಪುಣೆ ಚಿಕ್ಕಪ್ಪ ಅಲ್ಲಿನ ಏಜೆಂಟ್ ಹತ್ರ, ಚಿತ್ರದುರ್ಗದ ಸೋದರತ್ತೆ ಇನ್ನೂ ಮಾಡ್ಸಿಲ್ಲ, ಅವ್ರು ಒಬ್ರೇ ಬರೋದು. ಅಪ್ಪಂಗೆ ಮಂಡಿ ನೋವು. ಅವ್ರು ಕೇಳ್ತಿರೋದು ಒಂದೇ, ಮಕ್ಕಳು ಮೊಮ್ಮಕ್ಕಳು ಎಲ್ಲ ಒಂದೇ ಕಡೆ ಕೂತು ಊಟ ಮಾಡ್ಬೇಕು ಅಂತ. ಎಲ್ಲ ಕ್ಯಾನ್ಸಲ್ ಮಾಡಿ ಹೊಸದಾಗಿ ಒಟ್ಟಿಗೆ ಮಾಡ್ಬೇಕಾ? ರೂಮು ಅಕ್ಕಪಕ್ಕ ಸಿಗ್ತಾವಾ? ಗೊತ್ತಿರೋರು ಹೇಳ್ರಿ ದಯವಿಟ್ಟು.

ಟ್ರಾವೆಲ್ಸ್ ಕೆಲಸದವ:
ಕ್ಯಾನ್ಸಲ್ ಮಾತ್ರ ಮಾಡ್ಬೇಡ್ರಿ ಸರ್. ಹೊರಡೋ ದಿನ ಹತ್ರ ಬಂದಂಗೆಲ್ಲ ಕ್ಯಾನ್ಸಲೇಷನ್ ಚಾರ್ಜು ಏರ್ತಾ ಹೋಗ್ತೈತೆ, ವಾಪಸ್ ಬುಕ್ ಮಾಡಾಕೆ ಹೋದ್ರೆ ಹಳೇ ರೇಟು ಇರಲ್ಲ. ಬುಕಿಂಗ್ ಬೇರೆಬೇರೆ ಇದ್ರೂ ಊಟದ ಟೈಮು, ಟೇಬಲ್ಲು ಒಂದೇ ಮಾಡ್ರಿ ಅಂತ ನಂಬರ್ ಎಲ್ಲ ಕೊಟ್ಟು ಕೇಳ್ಬೋದು, ಸಾಮಾನ್ಯವಾಗಿ ಲಿಂಕ್ ಮಾಡ್ತಾರೆ. ಆದ್ರೆ ಒಂದು ವಿಷ್ಯ, ಏಜೆಂಟ್ ಹತ್ರ ಮಾಡ್ಸಿದ್ದನ್ನ ಏಜೆಂಟೇ ಮುಟ್ಬೇಕು. ನೀವು ಕಸ್ಟಮರ್ ಕೇರ್‌ಗೆ ಎಷ್ಟು ಸಲ ಫೋನ್ ಹಚ್ಚಿದ್ರೂ ನಿಮ್ಮ ಚಿಕ್ಕಪ್ಪನ ಬುಕಿಂಗ್‌ನ ಅವ್ರು ಬದಲಾಯಿಸಲ್ಲ, ಚಿಕ್ಕಪ್ಪನ ಕೈಲೇ ಅವರ ಏಜೆಂಟ್‌ಗೆ ಮೇಲ್ ಹಾಕ್ಸಿ, ಅದ್ರಾಗೆ ಉಳಿದೋರ ಬುಕಿಂಗ್ ನಂಬರ್ ಎಲ್ಲ ಇರ್ಲಿ.

ಇವತ್ತೇ ಮಾಡ್ಬೇಕಾಗಿರೋ ಕೆಲಸ ಅಂದ್ರೆ ಎಲ್ರ ಕನ್ಫರ್ಮೇಷನ್ ತರಿಸ್ಕೊಂಡು ಹಡಗಿನ ಹೆಸರು, ಹೊರಡೋ ತಾರೀಕು, ಎಷ್ಟು ರಾತ್ರಿ ಅಂತ ನೋಡೋದು. ಒಂದೇ ಹಡಗು ಒಂದ್ ಸಲ 2 ರಾತ್ರಿ ಟ್ರಿಪ್ ಹೋದ್ರೆ ಇನ್ನೊಂದ್ ಸಲ 3 ರಾತ್ರಿ ಹೋಗ್ತೈತೆ, ಗೋವಾ ಅಂತ ನೋಡಿ ದುಡ್ಡು ಕಟ್ಟಿಬಿಡ್ತಾರೆ ಜನ. ಹೆಸರೂ ಅಷ್ಟೇ, ಟಿಕೆಟ್‌ನಾಗೂ ಆಧಾರ್‌ನಾಗೂ ಒಂದೇ ಥರ ಇರ್ಬೇಕು, ನಮ್ ಕಡೆ ಇನಿಷಿಯಲ್ಲು ಒಂದ್ರಾಗೆ ಮುಂದೆ, ಇನ್ನೊಂದ್ರಾಗೆ ಹಿಂದೆ, ಮತ್ತೊಂದ್ರಾಗೆ ಇರೋದೇ ಇಲ್ಲ.

ಕೋಟೆ ಊರಿನ ಅಕ್ಕ:
ರೂಮು ಅಕ್ಕಪಕ್ಕ ಸಿಗ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡ ತಮ್ಮಾ, ಮಲಗಾಕೆ ಅಷ್ಟೇ ಅಲ್ವಾ ಹೋಗೋದು. ನಿಮ್ಮ ಅಪ್ಪ ಅಮ್ಮಂದು ಒಂದು ರೂಮು ಮಾತ್ರ ನೋಡಿ ಹಾಕ್ಸು, ಹಡಗಿನ ಮಧ್ಯಭಾಗ, ಕೆಳಗಿನ ಡೆಕ್ಕು ಅಂದ್ರೆ ಕೆಳಗಿನ ಅಂತಸ್ತು, ಲಿಫ್ಟ್ ಹತ್ರ. ಅಲ್ಲಿ ಓಲಾಡೋದು ಕಡಿಮೆ, ಮಂಡಿ ನೋವಿನೋರಿಗೆ ಕಾರಿಡಾರ್ ನಡೆಯೋದೂ ತಪ್ತೈತೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಬಹಳ ಉದ್ದ ಇರ್ತೈತೆ ಅದು. ಗ್ಯಾರಂಟಿ ಕ್ಯಾಬಿನ್ ಅಂತ ಕಡಿಮೆ ರೇಟಿಗೆ ಕೊಡ್ತಾರಲ್ಲ, ಅದ್ರಾಗೆ ರೂಮ್ ನಂಬರ್ ಅವರು ಆಮೇಲೆ ಹಾಕೋದು, ನಿಂಗೆ ಆಯ್ಕೆ ಇರಲ್ಲ, ದೊಡ್ಡೋರಿಗೆ ಅದು ಬೇಡ.

ಇನ್ನೊಂದು, ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ ಹೋಗ್ತೈತೆ, ವೈಫೈಗೆ ಬೇರೆ ದುಡ್ಡು, ವಾಟ್ಸಾಪ್ ಗ್ರೂಪ್ ನಂಬ್ಕೊಂಡು ಕೂತ್ರೆ ಯಾರು ಎಲ್ಲಿದಾರೆ ಗೊತ್ತಾಗಲ್ಲ. ಹತ್ತಿದ ತಕ್ಷಣ ಎಲ್ರ ಕ್ಯಾಬಿನ್ ನಂಬರ್ ಒಂದು ಚೀಟಿಲಿ ಬರೆದು ಎಲ್ರ ಕೈಗೂ ಒಂದೊಂದು ಕೊಡು, ರೂಮಿಂದ ರೂಮಿಗೆ ಅಲ್ಲಿನ ಫೋನ್‌ನಾಗೇ ಮಾತಾಡ್ಬೋದು. ಬೆಳಿಗ್ಗೆ ಇಂಥಾ ಹೊತ್ತಿಗೆ ಇಂಥಾ ಕಡೆ ಸೇರೋದು ಅಂತ ಊರಲ್ಲೇ ಮಾತಾಡ್ಕೊಂಬಿಡ್ರಿ. ಅಪಾಯ ಬಂದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಡೋ ಸೇಫ್ಟಿ ಡ್ರಿಲ್‌ಗೆ ಮಾತ್ರ ರೂಮಿನ ಪ್ರಕಾರ ಬೇರೆಬೇರೆ ಜಾಗಕ್ಕೆ ಕಳಿಸ್ಬೋದು, ಆಗ ಅಪ್ಪನ ಜೊತೆ ಒಬ್ರು ಇರ್ಲಿ.

ಪಿಜೆ ಬಡಾವಣೆ ಹುಡುಗ:
ತುಂಬಾ ಥ್ಯಾಂಕ್ಸ್ ಸರ್, ಅಕ್ಕ. ಮೇಲ್ ಹಾಕ್ಸಾಕೆ ಚಿಕ್ಕಪ್ಪಂಗೆ ಈಗ್ಲೇ ಹೇಳಿದೆ. ಇನ್ನೆರಡು ಕೇಳ್ತೀನಿ, ಅತ್ತೆಗೆ ಒಬ್ರಿಗೇ ರೂಮ್ ನೋಡಿದ್ರೆ ರೇಟು ಬಹಳ ತೋರಿಸ್ತೈತೆ ಯಾಕೆ? ಅವ್ರು ದಿನಾ ಲಿಂಗಪೂಜೆ ಮಾಡ್ದೆ ಬಾಯಿಗೆ ನೀರೂ ಹಾಕಲ್ಲ, ಹಡಗಿನಲ್ಲಿ ಆಗ್ತೈತಾ?

ಟ್ರಾವೆಲ್ಸ್ ಕೆಲಸದವ:
ರೇಟು ಇಬ್ರಿಗೆ ಒಂದು ರೂಮು ಅನ್ನೋ ಲೆಕ್ಕದ ಮೇಲೆ ಇರೋದು, ಒಬ್ರೇ ಇದ್ರೆ ಖಾಲಿ ಇರೋ ಜಾಗದ್ದೂ ಸೇರಿಸ್ತಾರೆ. ನಿಮ್ಮದ್ರಾಗೆ ಯಾವ್ದಾದ್ರೂ ರೂಮು ಮೂರು ಜನ ಹಿಡಿಯೋದಿದ್ರೆ ಅತ್ತೇನ ಅಲ್ಲಿಗೇ ಸೇರಿಸಾಕೆ ಕೇಳ್ರಿ, ಮೂರನೇಯೋರಿಗೆ ಸಾಮಾನ್ಯವಾಗಿ ಕಡಿಮೆ ಬೀಳ್ತೈತೆ.

ಕೋಟೆ ಊರಿನ ಅಕ್ಕ:
ಪೂಜೆಗೆ ಏನೂ ತೊಂದ್ರೆ ಇಲ್ಲ, ವಿಭೂತಿ, ಸಣ್ಣ ತಂಬಿಗೆ, ಕೂರಾಕೆ ವಸ್ತ್ರ ತಗೊಂಡು ಬರ್ಲಿ. ದೀಪ, ಕರ್ಪೂರ, ಊದುಬತ್ತಿ ಹಚ್ಚೋ ಹಂಗಿಲ್ಲ, ಹಡಗಿನಲ್ಲಿ ಬೆಂಕಿ ಅಂದ್ರೆ ಬಹಳ ಸ್ಟ್ರಿಕ್ಟು. ಇದನ್ನ ಅತ್ತೆಗೆ ಈಗ್ಲೇ ಹೇಳಿಬಿಡು, ಚೆಕಿಂಗ್‌ನಾಗೆ ಚೀಲ ಬಿಚ್ಚಿಸಿ ತೆಗೆಸಿದ್ರೆ ಮನಸ್ಸಿಗೆ ಹಾಕ್ಕೊಂತಾರೆ. ವೆಜ್ ಅಂತ ನಾಲ್ಕೂ ಬುಕಿಂಗ್‌ನಾಗೆ ಹಾಕ್ಸು, ಒಂದ್ರಾಗೆ ಇದ್ರೆ ಸಾಲಲ್ಲ.

ಹೈವೇ ಮಗ್ಗುಲು ಮನೆ:
ಎಲ್ರೂ ಹಡಗಿನ ಬಗ್ಗೆನೇ ಹೇಳಿದ್ರಿ, ಊರಿಂದ ಹೋಗೋದು ಹೇಳ್ತೀನಿ. ದಯವಿಟ್ಟು ಹಿಂದಿನ ದಿನಾನೇ ಮುಂಬೈ ಸೇರ್ಕೊಳ್ರಿ. ದಾದರ್ ಟ್ರೈನ್ ಲೇಟಾಗ್ಬೋದು, ಬಸ್ಸಾದ್ರೆ 48ನೇ ಹೈವೇನಾಗೆ ಪುಣೆ ದಾಟೋ ಹೊತ್ತಿಗೆ ಟ್ರಾಫಿಕ್ ಹೆಂಗೋ ಏನೋ, ಹಡಗು ಯಾರಿಗೂ ಕಾಯಲ್ಲ, ಹೊರಡೋ ಟೈಮಿಗಿಂತ ಬಹಳ ಮುಂಚೆನೇ ಬೋರ್ಡಿಂಗ್ ಗೇಟ್ ಹಾಕ್ತಾರೆ. ದೊಡ್ಡೋರಿಗೆ ಹುಬ್ಬಳ್ಳಿಯಿಂದ ಫ್ಲೈಟ್ ನೋಡ್ರಿ. ಹಡಗಿಗೆ ವೆಬ್ ಚೆಕ್‌ಇನ್ ಮಾಡುವಾಗ ನಾಲ್ಕೂ ಮನೆಯೋರು ಫೋನ್‌ನಾಗೆ ಮಾತಾಡ್ಕೊಂತಾ ಒಂದೇ ಬೋರ್ಡಿಂಗ್ ಟೈಮ್ ಹಿಡೀರಿ, ಇಲ್ಲಾಂದ್ರೆ ಅಪ್ಪ ಅಮ್ಮ ಬೆಳಿಗ್ಗೆನೇ ಬಂದು ಟರ್ಮಿನಲ್‌ನಾಗೆ ಉಳಿದೋರಿಗೆ ಕಾಯ್ತಾ ಕೂರ್ಬೇಕಾಗ್ತೈತೆ.