ಓದುಗರ ಸ್ಪಂದನ: ನನ್ನ ಸರದಿ ಬಂದಾಗ ಏನು ಹೇಳಲಿ?

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಹೀಗೆ ಬರೆದಿದ್ದರು: "ನಮ್ಮ ಗೆಳೆಯರ ಬಳಗದಲ್ಲಿ ಒಬ್ಬೊಬ್ಬರಾಗಿ ತಾವು ಬೆಳೆದ ಧರ್ಮ, ಈಗಿನ ನಂಬಿಕೆ ಬಗ್ಗೆ ಹೇಳಿಕೊಳ್ಳುತ್ತಿದ್ದಾರೆ. ಮುಂದಿನ ಸರದಿ ನನ್ನದು. ನಮ್ಮಪ್ಪನದು ಒಂದು ಧರ್ಮ, ಅಮ್ಮನದು ಇನ್ನೊಂದು. ದೇವರಿದ್ದಾನೆ ಅನ್ನಲು ನನಗೆ ಬಾಯಿ ಬರುವುದಿಲ್ಲ, ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಪ್ರಾರ್ಥನೆ ಮಾತ್ರ ಬಿಟ್ಟಿಲ್ಲ. ನನ್ನ ಗಂಡ ಗಟ್ಟಿ ಆಸ್ತಿಕರು. ಅವರ ಹತ್ತಿರ ಇದನ್ನೆಲ್ಲ ಬಿಡಿಸಿ ಹೇಳಿಲ್ಲ. ಬಳಗದಲ್ಲಿ ನಿಜ ಹೇಳಿದರೆ ಮನೆಯಲ್ಲಿ ನೋವು, ಹೇಳದಿದ್ದರೆ ನಾಟಕ. ಏನು ಮಾಡಲಿ?" ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗಿ,

ನೀವು ಒಂದೇ ಪ್ರಶ್ನೆ ಅಂದುಕೊಂಡು ಮೂರು ಪ್ರಶ್ನೆಗೆ ಒಟ್ಟಿಗೆ ಉತ್ತರ ಹುಡುಕುತ್ತಿದ್ದೀರಿ. ಎಂಥ ಮನೆಯಲ್ಲಿ ಬೆಳೆದಿರಿ, ಈಗ ಏನು ಆಚರಿಸುತ್ತೀರಿ, ಒಳಗೆ ಏನು ನಂಬುತ್ತೀರಿ. ಧರ್ಮದ ಬಗ್ಗೆ ಸಮೀಕ್ಷೆ ಮಾಡುವವರೂ ಇವನ್ನು ಬೇರೆ ಬೇರೆಯಾಗಿಯೇ ಕೇಳುತ್ತಾರೆ. ಉತ್ತರಗಳು ಒಂದಕ್ಕೊಂದು ತಾಳೆಯಾಗಬೇಕು ಅಂತೇನೂ ಇಲ್ಲ. ಯಾವ ಧರ್ಮವೂ ಇಲ್ಲ ಅಂದವರಲ್ಲಿ ಎಷ್ಟೋ ಜನ ದೇವರನ್ನೋ, ಯಾವುದೋ ಒಂದು ಶಕ್ತಿಯನ್ನೋ ನಂಬುತ್ತಾರೆ. ಧರ್ಮದ ಹೆಸರು ಬರೆಸಿದವರಲ್ಲಿ ಎಷ್ಟೋ ಜನ ಪ್ರಾರ್ಥನೆಯ ಕಡೆ ತಲೆ ಹಾಕುವುದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಅಂದಾಜಿನಂತೆ 2020ರಲ್ಲಿ ಜಗತ್ತಿನ ನೂರಕ್ಕೆ ಸುಮಾರು 24 ಜನ ಯಾವ ಧರ್ಮಕ್ಕೂ ಸೇರದವರು. ಇವರೆಲ್ಲ ನಾಸ್ತಿಕರು ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ನಿಮ್ಮಂಥವರೂ ಅದರಲ್ಲಿ ಬೇಕಾದಷ್ಟು ಜನ ಇದ್ದಾರೆ.

ಹಾಗಾಗಿ ಮೊದಲನೆಯ ಪ್ರಶ್ನೆಯಿಂದಲೇ ಶುರುಮಾಡಿ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇದೆ. ಎರಡು ಧರ್ಮದ ಮನೆಯಲ್ಲಿ ಬೆಳೆದ ಮಗುವಿಗೆ ಬೇರೆ ಮಕ್ಕಳಿಗೆ ಕಾಣದ ಎಷ್ಟೋ ಸಂಗತಿ ಕಾಣುತ್ತವೆ. ಅಪ್ಪ ಅಮ್ಮ ಯಾವುದನ್ನು ಮಾತಾಡಿ ಇತ್ಯರ್ಥ ಮಾಡಿಕೊಂಡರು, ಯಾವುದನ್ನು ಮಾತಾಡದೆ ಹಾಗೇ ಬಿಟ್ಟರು? ಮಗುವಿಗೆ ಹೆಸರಿಡುವಾಗ ಏನಾಯಿತು? ಅಜ್ಜಿಯರು ನಿಮ್ಮನ್ನು ತಮ್ಮ ಕಡೆಗೆ ಎಳೆದರಾ? ಯಾವ ದೇವರಿಗೆ ಯಾವ ಭಾಷೆಯಲ್ಲಿ ಕೇಳಿಕೊಳ್ಳಬೇಕು ಅಂತ ಗೊಂದಲ ಆಗುತ್ತಿತ್ತಾ? ಇಷ್ಟು ಹೇಳುವಷ್ಟರಲ್ಲಿ ನಿಮ್ಮ ಸಮಯ ಮುಗಿದಿರುತ್ತದೆ ನೋಡಿ.

ಎರಡು ಧರ್ಮ ಅಂದ ಕೂಡಲೇ ಬಳಗದಲ್ಲಿ ಯಾರಾದರೂ ಶಿಶುನಾಳ ಶರೀಫರು ಮತ್ತು ಅವರ ಗುರು ಗೋವಿಂದ ಭಟ್ಟರ ಹೆಸರು ತೆಗೆದೇ ತೆಗೆಯುತ್ತಾರೆ. ತೆಗೆಯಲಿ. ಅವರಿಬ್ಬರ ಎತ್ತರ ಬೇರೆ. ನಿಮ್ಮ ಮನೆಯ ಕಥೆ ಸೌಹಾರ್ದದ ಮಾದರಿ ಆಗಬೇಕು ಅಂತ ಯಾರೂ ನಿಮ್ಮ ಮೇಲೆ ಹೊರೆ ಹೊರಿಸದಂತೆ ನೋಡಿಕೊಳ್ಳಿ. ಅಪ್ಪ ಅಮ್ಮ ಜಗಳ ಆಡಿದ್ದರೆ ಅದನ್ನೂ ಹೇಳಬಹುದು.

ನಿವೃತ್ತ ಅಧ್ಯಾಪಕಿ

ಮೇಡಂ, ಹೇಳದೆ ಇರುವುದು ನಾಟಕ ಅಂತ ಯಾರು ಹೇಳಿದರು? ಅದು ನಿಮ್ಮ ಹಕ್ಕು. ವಿಶ್ವಸಂಸ್ಥೆ 1948ರ ಡಿಸೆಂಬರ್ 10ರಂದು ಒಪ್ಪಿದ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿ ಧರ್ಮದ ಸ್ವಾತಂತ್ರ್ಯದ ಬಗ್ಗೆ ಇದೆ. ಧರ್ಮ ಬದಲಿಸುವ ಸ್ವಾತಂತ್ರ್ಯವೂ ಅದರಲ್ಲೇ ಇದೆ. ಅದು ಬಹಳ ಜನಕ್ಕೆ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ ಮಾತು ಇನ್ನೊಂದಿದೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ಕೊಟ್ಟ ವಿವರಣೆಯಲ್ಲಿ, ತನ್ನ ಆಲೋಚನೆಯನ್ನಾಗಲಿ, ತಾನು ಯಾವ ಧರ್ಮಕ್ಕೆ ಸೇರಿದವನು ಎಂಬುದನ್ನಾಗಲಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎಂದಿದೆ. ಆಸ್ತಿಕತೆ, ನಾಸ್ತಿಕತೆ, ಯಾವುದನ್ನೂ ಹೇಳಿಕೊಳ್ಳದೆ ಇರುವುದು, ಎಲ್ಲಕ್ಕೂ ಒಂದೇ ರಕ್ಷಣೆ.

ಇದೆಲ್ಲ ಸರಕಾರಗಳಿಗೆ ಹೇಳಿದ್ದು, ಗೆಳೆಯರ ಬಳಗಕ್ಕಲ್ಲ ಅನ್ನಬಹುದು. ನಿಜ. ಆದರೆ ಸರಕಾರವೇ ಬಲವಂತ ಮಾಡಿ ಹೇಳಿಸುವಂತಿಲ್ಲದ್ದನ್ನು ಗೆಳೆಯರು ಸರದಿ ಹಾಕಿ ಕೇಳುವುದು ಸ್ವಲ್ಪ ಜಾಸ್ತಿಯಾಯಿತು, ಅಲ್ವಾ?

ವಕೀಲ ವೃತ್ತಿಯ ಓದುಗ

ನಮಸ್ಕಾರ. ನಾನು ನಿಮ್ಮ ಗಂಡನ ಜಾಗದಲ್ಲಿ ಅಲ್ಲ, ನಿಮ್ಮ ಜಾಗದಲ್ಲೇ ಇರುವವನು. ನನ್ನ ಹೆಂಡತಿಗೆ ದೇವರೆಂದರೆ ಪ್ರಾಣ. ನನಗೆ ಅನುಮಾನ. ಅದಕ್ಕೇ ಉಳಿದದ್ದನ್ನೆಲ್ಲ ಬಿಟ್ಟು ನಿಮ್ಮ ಪತ್ರದ ಆ ಒಂದು ಸಾಲಿನ ಮೇಲೆ ನನ್ನ ಕಣ್ಣು ನಿಂತಿತು. "ಅವರ ಹತ್ತಿರ ಬಿಡಿಸಿ ಹೇಳಿಲ್ಲ." ಬಳಗದಲ್ಲಿ ಏನು ಹೇಳುತ್ತೀರಿ ಅನ್ನುವುದು ಆಮೇಲಿನ ಮಾತು. ಇಷ್ಟು ಜನ ಕೇಳಿದ ಮೇಲೆ ಅದು ಗಂಡನ ಕಿವಿಗೆ ಹೋಗುವುದು ಬೇಡ. ಹೋಗದೆ ಇರುವುದೂ ಇಲ್ಲ. ಆಗ ಅವರಿಗೆ ನಿಮ್ಮ ಅನುಮಾನಕ್ಕಿಂತ, ತಮಗಿಂತ ಮೊದಲು ಬೇರೆಯವರಿಗೆ ಗೊತ್ತಾಯಿತಲ್ಲ ಅನ್ನುವುದೇ ಹೆಚ್ಚು ನೋವು ಕೊಡುತ್ತದೆ.

ಚಾರ್ಲ್ಸ್ ಡಾರ್ವಿನ್ ಮತ್ತು ಎಮ್ಮಾ ಅವರ ಸಂಗತಿ ಗೊತ್ತಾ? 1838ರಲ್ಲಿ ಮದುವೆ ನಿಶ್ಚಯವಾದಾಗ ಡಾರ್ವಿನ್ ಅವರಿಗೆ ಧರ್ಮದ ಬಗ್ಗೆ ಅನುಮಾನ ಶುರುವಾಗಿತ್ತು. ಎಮ್ಮಾ ದೇವರನ್ನು ಮನಸಾರೆ ನಂಬಿದವರು. ಅನುಮಾನವನ್ನು ಹೆಂಡತಿಯಾಗುವವಳಿಂದ ಬಚ್ಚಿಡು ಅಂತ ಡಾರ್ವಿನ್ ಅವರ ಅಪ್ಪ ಬುದ್ಧಿ ಹೇಳಿದ್ದರು. ಅಪ್ಪ ವೈದ್ಯರು, ಅನುಭವಸ್ಥರು. ಮಗ ಆ ಮಾತು ಕೇಳಲಿಲ್ಲ, ಮದುವೆಗೆ ಮೊದಲೇ ಹೇಳಿಬಿಟ್ಟರು. ಎಮ್ಮಾ ಅವರಿಗೆ ಬೇಜಾರಾಯಿತು. ಆದರೆ ಮುಚ್ಚಿಡದೆ ಹೇಳಿದ್ದಕ್ಕೆ ಕೃತಜ್ಞತೆ ಹೇಳಿ ಪತ್ರ ಬರೆದರು. 1839ರಲ್ಲಿ ಮದುವೆಯಾಯಿತು. ಅದಾದ ಹೊಸತರಲ್ಲಿ ಇನ್ನೊಂದು ಪತ್ರ ಬರೆದರು. ನಂಬಿಕೆ ಬೇರೆಯಾದರೆ ಸತ್ತ ಮೇಲೂ ನಾವು ಒಟ್ಟಿಗೆ ಇರುವುದಿಲ್ಲವೇನೋ ಅನ್ನುವ ಭಯ ಆ ಪತ್ರದಲ್ಲಿತ್ತು. ಡಾರ್ವಿನ್ ಆ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡರು. ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ ಅಂತ ಅದರ ಕೊನೆಯಲ್ಲಿ ಬರೆದಿಟ್ಟರು. 1882ರಲ್ಲಿ ಡಾರ್ವಿನ್ ತೀರಿಕೊಳ್ಳುವವರೆಗೆ ಇಬ್ಬರೂ ಜೊತೆಗೇ ಬಾಳಿದರು. ಗಂಡನಿಗೆ ಹೆಂಡತಿಯ ನಂಬಿಕೆ ಬರಲಿಲ್ಲ, ಹೆಂಡತಿಗೆ ಗಂಡನ ಅನುಮಾನ ಅಂಟಲಿಲ್ಲ.

ಆ ಪತ್ರಗಳಲ್ಲಿ ನನಗೆ ಕಾಣುವುದು ವಾದ ಅಲ್ಲ, ಭಯ. ನಿಮ್ಮ ಗಂಡನಿಗೂ ಅಂಥದೇ ಒಂದು ಭಯ ಇರಬಹುದು. ಮಕ್ಕಳ ಗತಿ ಏನು, ನಾಳೆ ನನ್ನ ಜೊತೆ ಪ್ರಾರ್ಥನೆಗೆ ಕೂರುತ್ತಾಳಾ, ನನ್ನ ನಂಬಿಕೆಯನ್ನು ಒಳಗೊಳಗೇ ನಗುತ್ತಿದ್ದಳಾ. ಹೇಳುವಾಗ ಈ ಮೂರನೆಯದಕ್ಕೆ ಮೊದಲು ಉತ್ತರ ಕೊಡಿ. "ನೀವು ನಂಬುವುದು ನನಗೆ ಯಾವತ್ತೂ ತಮಾಷೆ ಅನಿಸಿಲ್ಲ" ಅನ್ನಿ. ಅದು ನಿಜವಾಗಿದ್ದರೆ ಮಾತ್ರ ಅನ್ನಿ. ಒಂದೇ ಸಂಜೆಯಲ್ಲಿ ಎಲ್ಲ ಮುಗಿಸಬೇಕು ಅಂತಲೂ ಇಲ್ಲ. ಎದುರಿಗೆ ಮಾತು ಹೊರಡದಿದ್ದರೆ ಪತ್ರ ಬರೆದಿಡಿ. ಓದಿ ಯೋಚಿಸಲು ಅವರಿಗೂ ಸ್ವಲ್ಪ ಸಮಯ ಸಿಗುತ್ತದೆ.

ಹೆಸರು ಬೇಡ

ಅಕ್ಕಾ,

ನಾನು ದಿನವೂ ದೇವರ ಮುಂದೆ ಕೂರುವವಳು. ನಿಮ್ಮನ್ನು ನಂಬಿಕೆ ಇಲ್ಲದವರು ಅಂತ ನಾನಂತೂ ಒಪ್ಪುವುದಿಲ್ಲ. ಅನುಮಾನ ಬಂದ ಮೇಲೂ ಪ್ರಾರ್ಥನೆ ಬಿಟ್ಟಿಲ್ಲ ಅಂದರೆ ಅದು ಸಣ್ಣ ಮಾತಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು 2007ರಲ್ಲಿ ಹೊರಗೆ ಬಂದಾಗ ಬಹಳ ಜನ ಬೆಚ್ಚಿಬಿದ್ದರು. ದೇವರು ತನ್ನ ಹತ್ತಿರ ಇಲ್ಲ, ಒಳಗೆಲ್ಲ ಕತ್ತಲು ಅಂತ ಅವರು ವರ್ಷಗಟ್ಟಲೆ ತಮ್ಮ ಗುರುಗಳಿಗೆ ಬರೆದುಕೊಂಡಿದ್ದರು. ಹೊರಗೆ ಕೆಲಸವೂ ನಿಲ್ಲಲಿಲ್ಲ, ಪ್ರಾರ್ಥನೆಯೂ ನಿಲ್ಲಲಿಲ್ಲ. ಆ ಪತ್ರಗಳು ಗೊತ್ತಿದ್ದೂ ಅವರ ಚರ್ಚು 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿತು.

ನಮ್ಮಂಥ ಭಕ್ತರ ಮೇಲೆ ನನಗೇ ಒಂದು ತಕರಾರಿದೆ. ಸಾಕ್ಷಿ ಹೇಳಲು ನಿಂತರೆ ನಾವು ಬರೀ ಗೆದ್ದ ಕಥೆ ಹೇಳುತ್ತೇವೆ. ಕೇಳಿಕೊಂಡೆ, ಆಯಿತು. ಬೇಡಿಕೊಂಡೆ, ಸಿಕ್ಕಿತು. ಕೇಳಿಯೂ ಆಗದೆ ಹೋದದ್ದನ್ನು ಯಾರೂ ಬಾಯಿ ಬಿಡುವುದಿಲ್ಲ. ನೀವು ಆ ಕಡೆಯದನ್ನು ಹೇಳಿ. ಬಳಗದಲ್ಲಿರುವ ಭಕ್ತರಿಗೇ ಅದು ಹೆಚ್ಚು ಬೇಕಾಗಿರುತ್ತದೆ.

ಗೃಹಿಣಿ

ಸೋದರಿ, ನಿಮ್ಮ ಪ್ರಾರ್ಥನೆ ಹಿಡಿದುಕೊಂಡು "ನೋಡಿ, ನೀವು ನಮ್ಮವರೇ" ಅನ್ನುವವರು ಬಂದೇ ಬರುತ್ತಾರೆ. ನಾನು ನಾಸ್ತಿಕ. ನಿಮ್ಮ ಅನುಮಾನ ಹಿಡಿದುಕೊಂಡು "ನೀವು ನಮ್ಮವರು" ಅನ್ನಲು ನನಗೂ ಆಸೆಯೇ. ಎರಡೂ ಕಡೆಯವರಿಗೆ ಸೊಪ್ಪು ಹಾಕಬೇಡಿ. "ಇನ್ನೂ ತೀರ್ಮಾನ ಮಾಡಿಲ್ಲ" ಅಂದರೆ ಅದು ಪೂರ್ತಿ ಉತ್ತರವೇ. "ಯಾವಾಗ ಮಾಡುತ್ತೀರಿ?" ಅಂತ ಕೇಳಿದರೆ ಸುಮ್ನೆ ನಕ್ಕುಬಿಡಿ.

ಒಬ್ಬ ನಾಸ್ತಿಕ

ನಿಮ್ಮ ಪತ್ರ ನೋಡಿ ಬರೆಯಬೇಕು ಅನಿಸಿತು. ನಾನು ಹುಟ್ಟಿದ ಧರ್ಮ ಬಿಟ್ಟು ಇನ್ನೊಂದಕ್ಕೆ ಹೋದವನು. ಇಂಥ ಕೂಟಗಳಲ್ಲಿ ನಮ್ಮಂಥವರಿಗೆ ಬಹಳ ಬೇಡಿಕೆ. ಎಲ್ಲರಿಗೂ ಬೇಕಾಗಿರುವುದು ತಿರುವು. ಯಾವ ದಿನ, ಯಾವ ಗಳಿಗೆ, ಏನು ಕಂಡಿತು? ನನಗೆ ಹಾಗೇನೂ ಕಾಣಲಿಲ್ಲ. ನಿಧಾನವಾಗಿ, ನನಗೇ ಗೊತ್ತಾಗದಂತೆ ಆದದ್ದು. ಹಾಗೆ ಹೇಳಿದರೆ ಕೇಳುವವರ ಮುಖ ಬಾಡುತ್ತದೆ. ಅವರನ್ನು ಮೆಚ್ಚಿಸಲು ಕಥೆಗೆ ಬಣ್ಣ ಹಚ್ಚಿದವರನ್ನು ನೋಡಿದ್ದೇನೆ. ಪ್ರತಿ ಸಲ ಹೇಳುವಾಗಲೂ ಹಳೆಯ ಧರ್ಮ ಇನ್ನಷ್ಟು ಕಪ್ಪಾಗುತ್ತದೆ, ಹೊಸದು ಇನ್ನಷ್ಟು ಬೆಳ್ಳಗಾಗುತ್ತದೆ. ನೀವು ಅಪ್ಪ ಅಮ್ಮನ ಕಥೆ ಹೇಳುವಾಗಲೂ ಈ ಅಪಾಯ ಇದೆ. ಯಾರೋ ಒಬ್ಬರನ್ನು ಒಳ್ಳೆಯವರು, ಇನ್ನೊಬ್ಬರನ್ನು ಕೆಟ್ಟವರು ಮಾಡಿಬಿಡುತ್ತೇವೆ.

ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ನನಗೆ ಆದದ್ದನ್ನು ಹೇಳುತ್ತೇನೆ, ಆ ಧರ್ಮ ಹೀಗೆ ಅಂತ ಹೇಳುವುದಿಲ್ಲ. "ಅಲ್ಲಿ ನನಗೆ ಪ್ರಶ್ನೆ ಕೇಳಲು ಧೈರ್ಯ ಬರಲಿಲ್ಲ" ಅನ್ನುವುದು ಬೇರೆ, "ಅವರು ಪ್ರಶ್ನೆ ಕೇಳಲು ಬಿಡುವುದಿಲ್ಲ" ಅನ್ನುವುದು ಬೇರೆ. ನಾನು ಬಿಟ್ಟು ಬಂದ ಮನೆಯಲ್ಲೇ ಸುಖವಾಗಿ ಇರುವವರೊಬ್ಬರು ಅದೇ ಕೋಣೆಯಲ್ಲಿ ಕೂತಿರುತ್ತಾರೆ. ನನ್ನ ಮಾತು ಮುಗಿದ ಮೇಲೂ ಅವರು ನನ್ನ ಪಕ್ಕ ಕೂರುವಂತಿರಬೇಕು. ಜೊತೆಗೆ, ನಾನು ಬಿಟ್ಟ ಧರ್ಮದಿಂದಲೇ ಬಂದದ್ದು ನನ್ನಲ್ಲಿ ಬಹಳ ಉಳಿದಿದೆ. ಕೂರುವ ರೀತಿ, ಕೈ ಮುಗಿಯುವ ರೀತಿ, ಕಷ್ಟ ಬಂದಾಗ ಬಾಯಿಗೆ ತಾನಾಗಿ ಬರುವ ಹೆಸರು. ಇದನ್ನು ಹೇಳಿದಾಗ ಎರಡೂ ಕಡೆಯವರಿಗೆ ಸ್ವಲ್ಪ ಇರುಸುಮುರುಸು ಆಗುತ್ತದೆ. ಆಗಲಿ ಬಿಡಿ.

ಹಿರಿಯ ಓದುಗ

ನಾನು ಇಂಥ ಕೂಟಗಳನ್ನು ನಡೆಸುವವಳು. ಅದಕ್ಕೇ ಬೇರೆಯವರು ಬರೆಯದ ಕಡೆಯಿಂದ ಹೇಳುತ್ತೇನೆ. ಮಾತಾಡುವವರು ಹೇಗೆ ತಯಾರಾಗಬೇಕು ಅಂತ ಎಲ್ಲರೂ ಯೋಚಿಸುತ್ತಾರೆ. ಕೇಳುವವರಿಗೆ ನಿಯಮ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಮಾತಾಡಿಯೂ ಪ್ರಯೋಜನ ಇಲ್ಲ. ಕ್ರೈಸ್ತರಲ್ಲಿ ಕ್ವೇಕರ್ ಎಂಬ ಪಂಥ ಇದೆ, 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಅವರಲ್ಲಿ ಹಳೆಯ ಪದ್ಧತಿ ಉಳಿಸಿಕೊಂಡವರು ಆರಾಧನೆಗೆ ಸೇರಿದಾಗ ಸುಮ್ಮನೆ ಕೂರುತ್ತಾರೆ. ಮಾತಾಡಬೇಕು ಅನಿಸಿದವರು ಎದ್ದು ನಾಲ್ಕು ಮಾತು ಹೇಳಿ ಕೂರುತ್ತಾರೆ. ಅದಕ್ಕೆ ಯಾರೂ ಎದುರು ವಾದ ಹೂಡುವುದಿಲ್ಲ. ಮತ್ತೆ ಮೌನ. ಆ ಪಂಥಕ್ಕೆ ಸೇರದವರೂ ಇದನ್ನು ಎರವಲು ಪಡೆಯಬಹುದು.

ನಿಮ್ಮ ಬಳಗದಲ್ಲಿ ಸರದಿ ಬರುವ ಮೊದಲೇ ಕೇಳಿಕೊಳ್ಳಿ. ಮಾತು ಮುಗಿದ ಮೇಲೆ ಪ್ರಶ್ನೆ ಇರುತ್ತದಾ? ಇದ್ದರೆ ಎಂಥ ಪ್ರಶ್ನೆ? "ಆಗ ನಿಮಗೆ ಏನನಿಸಿತು?" ಅನ್ನುವ ಪ್ರಶ್ನೆ ಸರಿ. "ಹಾಗಾದರೆ ಇದನ್ನು ಹೇಗೆ ಒಪ್ಪುತ್ತೀರಿ?" ಅನ್ನುವುದು ಪ್ರಶ್ನೆಯಲ್ಲ, ಪಾಟೀಸವಾಲು. ಸಲಹೆ ಕೊಡುವಂತಿಲ್ಲ, ಪುಸ್ತಕ ಕೈಗೆ ತುರುಕುವಂತಿಲ್ಲ, ನಿಮಗಾಗಿ ಪ್ರಾರ್ಥಿಸುತ್ತೇನೆ ಅಂತ ಎಲ್ಲರೆದುರು ಘೋಷಿಸುವಂತಿಲ್ಲ. ಮನೆಗೆ ಹೋಗಿ ಪ್ರಾರ್ಥಿಸಲು ಯಾರ ಅಡ್ಡಿಯೂ ಇಲ್ಲ.

ಇನ್ನು ಫೋನು. ರೆಕಾರ್ಡ್ ಮಾಡುತ್ತಾರಾ, ವಾಟ್ಸಾಪ್ ಗುಂಪಿನಲ್ಲಿ ಸಾರಾಂಶ ಹಾಕುತ್ತಾರಾ ಅಂತ ಖಂಡಿತ ಕೇಳಿ. ಗೆಳೆಯರ ಮುಂದೆ ಹೇಳಿದ್ದು ಗೆಳೆಯರ ಹತ್ತಿರವೇ ಉಳಿಯುತ್ತದೆ ಅನ್ನುವ ಕಾಲ ಹೋಯಿತು. ಯುರೋಪಿಯನ್ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣೆಯ ಕಾಯ್ದೆ ಧರ್ಮದ ನಂಬಿಕೆಯನ್ನು ಆರೋಗ್ಯದ ಮಾಹಿತಿಯ ಸಾಲಿನಲ್ಲೇ ಇಟ್ಟು ವಿಶೇಷ ರಕ್ಷಣೆ ಕೊಟ್ಟಿದೆ. ಒಬ್ಬರ ಧರ್ಮ ಗೊತ್ತಾದರೆ ಅವರಿಗೆ ಕೆಲಸದಲ್ಲಿ, ಬಾಡಿಗೆ ಮನೆಯಲ್ಲಿ, ಸಂಬಂಧದಲ್ಲಿ ತೊಂದರೆ ಕೊಡುವವರು ಇದ್ದೇ ಇರುತ್ತಾರೆ. ನಿಮ್ಮ ಅಪ್ಪ ಅಮ್ಮನ ಹೆಸರೂ ಅದರಲ್ಲಿ ಬರುತ್ತದೆ. ಅವರು ಬದುಕಿದ್ದರೆ ಒಂದು ಮಾತು ಕೇಳಿಬಿಡಿ.

ಕೂಟ ನಡೆಸುವವಳು

ಒಂದೇ ಪ್ರಶ್ನೆ. ಈ ಸರದಿ ಹಾಕಿದವರು ಯಾರು, ಅವರು ತಮ್ಮದನ್ನು ಹೇಳಿದರಾ? ಇನ್ನೂ ಹೇಳಿಲ್ಲ ಅಂದರೆ ನಿಮ್ಮ ಸರದಿ ಅವರಿಗೆ ಬಿಟ್ಟುಕೊಡಿ. ನೀವು ಆಮೇಲೆ ನೋಡಿಕೊಳ್ಳಬಹುದು.

ಕಾಲೇಜು ವಿದ್ಯಾರ್ಥಿ