ರಾಜ್ಯದ ಶಾಸಕರ ಮುಂದೆ ನಮ್ಮ ನಗರ ಏನನ್ನು ಇಡಬೇಕು? ವಾಷಿಂಗ್ಟನ್ ರಾಜ್ಯದ 2026ರ ಅಧಿವೇಶನದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಪೂರ್ವದಡದ ನಿವಾಸಿ

ಎಲ್ಲರಿಗೂ ನಮಸ್ಕಾರ. ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನಿಂದ ಸರೋವರದಾಚೆ ಇರುವ ಒಂದು ಊರಿನಲ್ಲಿ ನಮ್ಮ ವಾಸ. ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್ ಕಡೆಯ ಕನ್ನಡಿಗರು ಇಲ್ಲಿ ಅನೇಕರಿರುವುದರಿಂದ ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ರಾಜ್ಯ ಶಾಸನಸಭೆಯ ಅಧಿವೇಶನ 2026ರ ಜನವರಿ 12ರಂದು ರಾಜ್ಯದ ರಾಜಧಾನಿ ಒಲಿಂಪಿಯಾದಲ್ಲಿ ಆರಂಭವಾಗಲಿದೆ. ಅದಕ್ಕೂ ಮುನ್ನ ನಮ್ಮ ಸಿಟಿ ಕೌನ್ಸಿಲ್ ತಾನು ಶಾಸಕರಿಂದ ಏನೇನು ಬಯಸುತ್ತದೆ ಎಂಬುದರ ಆದ್ಯತಾ ಪಟ್ಟಿಯೊಂದನ್ನು ಅಂಗೀಕರಿಸಲಿದೆ. ಕರಡನ್ನು ಪೂರ್ತಿ ಓದಿದ್ದೇನೆ. ಆಸ್ತಿ ತೆರಿಗೆಯ ವರಮಾನದ ಮೇಲಿರುವ ವಾರ್ಷಿಕ ಶೇ. 1ರ ಮಿತಿಯನ್ನು ಸಡಿಲಿಸಬೇಕು, ನೀರು ಮತ್ತು ಒಳಚರಂಡಿ ಕಾಮಗಾರಿಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡುವ ರಾಜ್ಯದ ನಿಧಿಯನ್ನು ಬೇರೆ ಖರ್ಚುಗಳಿಗೆ ತಿರುಗಿಸಬಾರದು, ಪೊಲೀಸ್ ನೇಮಕಾತಿಗೆ ನೆರವು ಬೇಕು, ಹೊಸ ವಸತಿ ಕಾನೂನುಗಳ ಜಾರಿಗೆ ಕಾಲಾವಕಾಶ ಬೇಕು ಎಂದು ಮುಂತಾಗಿ ಅದು ಹಲವು ಪುಟಗಳವರೆಗೆ ಸಾಗುತ್ತದೆ. ಆದರೆ ನಮ್ಮ ಬಡಾವಣೆಯ ರಸ್ತೆ ರಾಜ್ಯ ಹೆದ್ದಾರಿಯನ್ನು ಸೇರುವಲ್ಲಿ ಪಾದಚಾರಿಗಳಿಗೆ ಸುರಕ್ಷಿತವಾದ ದಾಟುದಾರಿ ಇಲ್ಲದಿರುವುದರ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಮಕ್ಕಳು ಮತ್ತು ಊರಿನಿಂದ ಬಂದ ಹಿರಿಯರು ದಿನವೂ ಅಲ್ಲಿಯೇ ದಾಟುತ್ತಾರೆ.

ಇಂತಹ ಪಟ್ಟಿಗೆ ನಿಜವಾದ ಬೆಲೆ ಇದೆಯೇ, ಅಥವಾ ಅದು ಕಡತ ಸೇರುವ ಕಾಗದವೇ? ಇಷ್ಟು ಶ್ರೀಮಂತವಾದ ಒಂದು ನಗರ ತನ್ನ ತೆರಿಗೆ, ತನ್ನ ರಸ್ತೆಗಳ ವಿಷಯಕ್ಕೂ ರಾಜ್ಯದ ಮುಂದೆ ಏಕೆ ನಿಲ್ಲಬೇಕು? ಕೆಲಸದ ವೀಸಾದ ಮೇಲಿರುವ ನನಗೆ ಇಲ್ಲಿ ಮತದ ಹಕ್ಕಿಲ್ಲ. ಆದರೂ ಕೌನ್ಸಿಲ್ ಮುಂದೆ ಮಾತನಾಡಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಕಿಂಗ್ ಕೌಂಟಿ ಕನ್ನಡಿಗ

ನಮಸ್ಕಾರ. ನಮ್ಮೂರಿನ ಯೋಜನಾ ಸಲಹಾ ಸಮಿತಿಯಲ್ಲಿ ಕೆಲವು ವರ್ಷ ಸ್ವಯಂಸೇವಕನಾಗಿದ್ದ ಕಾರಣ ಈ ಪಟ್ಟಿಗಳು ಸಿದ್ಧವಾಗುವುದನ್ನು ಹತ್ತಿರದಿಂದ ನೋಡಿದ್ದೇನೆ. ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೂ ಉತ್ತರ ಅದರಲ್ಲಿದೆ.

ಅಮೆರಿಕದ ಸಂವಿಧಾನದಲ್ಲಿ ನಗರಗಳ ಪ್ರಸ್ತಾಪವೇ ಇಲ್ಲ. ನಗರಗಳು ರಾಜ್ಯದ ಸೃಷ್ಟಿ, ಅವುಗಳ ಅಧಿಕಾರವನ್ನೂ ಗಡಿಯನ್ನೂ ರಾಜ್ಯವು ತನ್ನ ಇಚ್ಛೆಯಂತೆ ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ 1907ರಲ್ಲಿ ಪಿಟ್ಸ್‌ಬರ್ಗ್ ನಗರಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಹೇಳಿತು. ವಾಷಿಂಗ್ಟನ್ ರಾಜ್ಯದ ಸಂವಿಧಾನ ನಗರಗಳಿಗೆ ಸ್ಥಳೀಯ ನಿಯಮಗಳನ್ನು ಮಾಡುವ ಅಧಿಕಾರ ಕೊಟ್ಟಿದೆಯಾದರೂ, ಆ ನಿಯಮಗಳು ರಾಜ್ಯದ ಸಾಮಾನ್ಯ ಕಾನೂನುಗಳಿಗೆ ವಿರುದ್ಧವಾಗಿರಬಾರದು ಎಂಬ ಷರತ್ತು ಅದರ ಜೊತೆಗೇ ಇದೆ. ಈ ಷರತ್ತಿನ ಬಲ ಎಷ್ಟೆಂಬುದಕ್ಕೆ ಬಾಡಿಗೆಯ ವಿಷಯವನ್ನೇ ನೋಡಿ. ನಗರಗಳು ಬಾಡಿಗೆ ನಿಯಂತ್ರಣ ಮಾಡುವಂತಿಲ್ಲ ಎಂದು ರಾಜ್ಯವು 1981ರಲ್ಲಿ ಕಾನೂನು ಮಾಡಿತು. ಆಮೇಲೆ ಸಿಯಾಟಲ್‌ನಲ್ಲಿ ಬಾಡಿಗೆ ಎಷ್ಟೇ ಏರಿದರೂ ಅಲ್ಲಿನ ಕೌನ್ಸಿಲ್ ಅದಕ್ಕೆ ಮಿತಿ ಹಾಕಲಾಗಲಿಲ್ಲ. ಕೊನೆಗೆ ವಾರ್ಷಿಕ ಏರಿಕೆಗೆ ಮಿತಿ ಬಂದದ್ದು 2025ರಲ್ಲಿ, ರಾಜ್ಯದ ಶಾಸನಸಭೆಯಿಂದ: ಹಣದುಬ್ಬರದ ದರಕ್ಕೆ ಶೇ. 7 ಸೇರಿಸಿದಷ್ಟು ಅಥವಾ ಒಟ್ಟು ಶೇ. 10, ಇವೆರಡರಲ್ಲಿ ಯಾವುದು ಕಡಿಮೆಯೋ ಅದು.

ನಗರಗಳು ಅತ್ಯಂತ ಜೋಪಾನ ಮಾಡಿಕೊಂಡು ಬಂದ ಅಧಿಕಾರವೆಂದರೆ ಯಾವ ನಿವೇಶನದಲ್ಲಿ ಎಷ್ಟು ಮನೆ ಕಟ್ಟಬಹುದು ಎಂದು ನಿರ್ಧರಿಸುವುದು. 2023ರ ಮಸೂದೆ 1110 ಅದರೊಳಕ್ಕೂ ಕೈಹಾಕಿ, 75,000ಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳು ವಸತಿ ಪ್ರದೇಶದ ಒಂದು ನಿವೇಶನದಲ್ಲಿ ನಾಲ್ಕು ಮನೆಗಳಿಗೂ, ಪ್ರಮುಖ ಸಾರಿಗೆ ನಿಲ್ದಾಣಗಳ ಸಮೀಪದಲ್ಲಿ ಆರು ಮನೆಗಳಿಗೂ ಅವಕಾಶ ಕೊಡಲೇಬೇಕೆಂದು ವಿಧಿಸಿತು. ಆ ಕಾನೂನು ಸರಿಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮನೆಗಳ ಕೊರತೆಯನ್ನು ಒಂದೊಂದೇ ಊರು ಪಕ್ಕದ ಊರಿನ ಮೇಲೆ ಹಾಕುತ್ತಾ ಬಂದಿತ್ತು. ಆದರೆ ಹೆಚ್ಚುವ ಮನೆಗಳಿಗೆ ಬೇಕಾದ ಒಳಚರಂಡಿ ಕೊಳವೆಯ ಖರ್ಚು ಯಾರದು ಎಂಬ ಪ್ರಶ್ನೆ ನಗರದ ಮೇಲೆಯೇ ಉಳಿಯಿತು. ನಿಮ್ಮ ಕರಡಿನಲ್ಲಿರುವ ಸಾಲದ ನಿಧಿಯ ಅಂಶ ಅಲ್ಲಿಂದಲೇ ಬಂದದ್ದು. 1985ರಲ್ಲಿ ಸ್ಥಾಪನೆಯಾದ ಆ ನಿಧಿಯ ಹಣವನ್ನು ಆರ್ಥಿಕ ಹಿಂಜರಿತದ ನಂತರದ ವರ್ಷಗಳಲ್ಲಿ ರಾಜ್ಯವು ಬೇರೆ ಖರ್ಚುಗಳಿಗೆ ತಿರುಗಿಸಿಕೊಂಡಿತ್ತು. ಕರಡಿನಲ್ಲಿ ನಾನು ಮೊದಲ ಸ್ಥಾನ ಕೊಡುವುದು ಈ ಅಂಶಕ್ಕೆ. ಇದು ರಾಜ್ಯವಲ್ಲದೆ ಬೇರಾರೂ ಸರಿಪಡಿಸಲಾಗದ ವಿಷಯ.

ಇನ್ನು ಪಟ್ಟಿಯ ಬೆಲೆ. ರಾಜ್ಯದ ಕಾನೂನಿನಂತೆ ಸಾರ್ವಜನಿಕ ಹಣದಿಂದ ಲಾಬಿ ಮಾಡುವ ಸ್ಥಳೀಯ ಸಂಸ್ಥೆಯು ಚುನಾಯಿತರಿಗೂ ಅಧಿಕಾರಿಗಳಿಗೂ ಮಾಹಿತಿ ಕೊಡಬಹುದು, ತನ್ನ ಅಧಿಕೃತ ನಿಲುವನ್ನೂ ಹಿತಾಸಕ್ತಿಯನ್ನೂ ಪ್ರತಿಪಾದಿಸಬಹುದು, ಅದರಾಚೆ ಹೋಗುವಂತಿಲ್ಲ. ಹೀಗಾಗಿ ಒಲಿಂಪಿಯಾದಲ್ಲಿ ನಗರದ ಪರವಾಗಿ ಕೆಲಸ ಮಾಡುವ ಪ್ರತಿನಿಧಿ ಯಾವುದರ ಪರ, ಯಾವುದರ ವಿರುದ್ಧ ಮಾತನಾಡಬೇಕು ಎಂಬುದಕ್ಕೆ ಆಧಾರ ಕೌನ್ಸಿಲ್ ಮತ ಹಾಕಿ ಅಂಗೀಕರಿಸಿದ ಈ ಕಾಗದವೇ. ಬೆಳಗ್ಗೆ ಬಂದ ತಿದ್ದುಪಡಿಗೆ ಮಧ್ಯಾಹ್ನದೊಳಗೆ ಉತ್ತರಿಸಬೇಕಾದ ದಿನಗಳಲ್ಲಿ ಆ ಪ್ರತಿನಿಧಿಗೆ ಕೌನ್ಸಿಲ್ ಸಭೆ ಸೇರುವವರೆಗೆ ಕಾಯಲು ಸಾಧ್ಯವಿರುವುದಿಲ್ಲ.

ನನ್ನ ಆಕ್ಷೇಪ ಇರುವುದು ಪಟ್ಟಿಯ ಉದ್ದದ ಬಗ್ಗೆ. ಬೆಸ ವರ್ಷಗಳಲ್ಲಿ ಅಧಿವೇಶನ 105 ದಿನ, ಸಮ ವರ್ಷಗಳಲ್ಲಿ 60 ದಿನ. 2026ರದು 60 ದಿನಗಳ ಅಧಿವೇಶನ. ರಾಜ್ಯದಲ್ಲಿ 281 ನಗರಗಳಿವೆ, ಶಾಸಕರು 147 ಮಂದಿ. ಪ್ರತಿ ನಗರವೂ ಹತ್ತಾರು ಬೇಡಿಕೆಗಳನ್ನು ತಂದರೆ, ಅವುಗಳಲ್ಲಿ ಆ ನಗರ ಬಿಟ್ಟುಕೊಡದ ಬೇಡಿಕೆ ಯಾವುದು ಎಂದು ಶಾಸಕರಿಗೆ ತಿಳಿಯುವುದಾದರೂ ಹೇಗೆ? ಎಲ್ಲ ನಗರಗಳಿಗೂ ಸಮಾನವಾದ ಬೇಡಿಕೆಗಳನ್ನು ವಾಷಿಂಗ್ಟನ್ ನಗರಗಳ ಒಕ್ಕೂಟಕ್ಕೆ ಬಿಟ್ಟು, ನಿಮ್ಮೂರು ಮೂರ್ನಾಲ್ಕು ವಿಷಯಗಳನ್ನು ಮಾತ್ರ ಮುಂದಿಡಬೇಕೆಂದು ನೀವು ಕೌನ್ಸಿಲ್‌ಗೆ ಹೇಳಬೇಕು.

ಉತ್ತರ 2: ಸಮಾಮಿಶ್ ಗೃಹಸ್ಥ

ಮೇಲಿನವರ ವಿವರಣೆಗೆ ಧನ್ಯವಾದ. ಶೇ. 1ರ ಮಿತಿಯ ಬಗ್ಗೆ ಅವರು ಏನನ್ನೂ ಹೇಳಲಿಲ್ಲವಾದ್ದರಿಂದ ಆ ಒಂದು ವಿಷಯಕ್ಕೆ ಮಾತ್ರ ಬರೆಯುತ್ತಿದ್ದೇನೆ. ಕರಡಿನ ಆ ಬೇಡಿಕೆಯನ್ನು ನಾನು ವಿರೋಧಿಸುತ್ತೇನೆ.

ಈ ಮಿತಿಯನ್ನು ತಂದವರು ಮತದಾರರು. 2001ರಲ್ಲಿ ಅವರು 747ನೇ ಇನಿಷಿಯೇಟಿವ್ (ಜನರೇ ಸಹಿ ಸಂಗ್ರಹಿಸಿ ಮತಕ್ಕೆ ತರುವ ಪ್ರಸ್ತಾವ) ಮೂಲಕ ಅದನ್ನು ಒಪ್ಪಿದರು. 2007ರ ನವೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದಾಗ, ಅದೇ ತಿಂಗಳು ವಿಶೇಷ ಅಧಿವೇಶನ ಕರೆದು ಶಾಸನಸಭೆ ಅದನ್ನು ಮರಳಿ ಜಾರಿಗೆ ತಂದಿತು. ಮಿತಿಯನ್ನು ಶೇ. 3ಕ್ಕೆ ಏರಿಸುವ ಪ್ರಸ್ತಾವ 2025ರ ಅಧಿವೇಶನದಲ್ಲಿ ಬಂದರೂ ಅಂಗೀಕಾರವಾಗಲಿಲ್ಲ. ಜನ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಅದನ್ನೇ ಮತ್ತೆ ಕೇಳುವುದು ಸರಿಯಲ್ಲ. ಹೆಚ್ಚು ಹಣ ಬೇಕಾದ ನಗರ ತನ್ನ ಮತದಾರರ ಮುಂದೆ ಹೋಗಿ, ಸರಳ ಬಹುಮತ ಪಡೆದು ಮಿತಿಯನ್ನು ಮೀರಬಹುದು; ಆ ದಾರಿ ಈಗಲೂ ತೆರೆದಿದೆ. ನಮ್ಮ ಬೀದಿಯಲ್ಲಿ ನಿವೃತ್ತರಾದ ನೆರೆಯವರಿದ್ದಾರೆ. ಮನೆಯ ಬೆಲೆ ಏರಿದ ಮಾತ್ರಕ್ಕೆ ಅವರ ಕೈಯಲ್ಲಿ ಹಣ ಹೆಚ್ಚಾಗುವುದಿಲ್ಲ.

ಉತ್ತರ 3: ಕಿಂಗ್ ಕೌಂಟಿ ಕನ್ನಡಿಗ

ನಿಮ್ಮ ನೆರೆಯವರ ಕಷ್ಟ ನಿಜ. ಆದರೆ ಈ ಮಿತಿ ಒಂದೊಂದು ಮನೆಯ ಬಿಲ್ಲಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಇಲ್ಲಿನ ಇತರ ಓದುಗರೂ ಗಮನಿಸಬೇಕು. ಹೊಸ ಕಟ್ಟಡಗಳಿಂದ ಬರುವ ತೆರಿಗೆಯನ್ನು ಬಿಟ್ಟು, ನಗರಕ್ಕೆ ಬರುವ ಒಟ್ಟು ಆಸ್ತಿ ತೆರಿಗೆಯೇ ವರ್ಷಕ್ಕೆ ಶೇ. 1ಕ್ಕಿಂತ ಹೆಚ್ಚು ಬೆಳೆಯುವಂತಿಲ್ಲ. ನಗರವೊಂದಕ್ಕೆ ಮೂರು ಕೋಟಿ ಡಾಲರ್ ಆಸ್ತಿ ತೆರಿಗೆ ಬರುತ್ತದೆ ಎಂದಿಟ್ಟುಕೊಂಡರೆ, ಮರುವರ್ಷ ಅದಕ್ಕೆ ಸೇರುವುದು ಮೂರು ಲಕ್ಷ. ಸಂಬಳ, ವಿಮೆ, ಡಾಂಬರುಗಳ ಬೆಲೆ ಶೇ. 4ರಷ್ಟು ಏರಿದರೆ ಅಷ್ಟೇ ಸೇವೆಗೆ ಬೇಕಾಗುವುದು ಹನ್ನೆರಡು ಲಕ್ಷ. ಇದು ಒಂದು ವರ್ಷದ ಲೆಕ್ಕ. ಇಪ್ಪತ್ತು ವರ್ಷ ಹೀಗೆಯೇ ನಡೆದರೆ ನಗರ ಮಾರಾಟ ತೆರಿಗೆಯತ್ತ ತಿರುಗುತ್ತದೆ, ಮತ್ತು ಆ ತೆರಿಗೆ ಕಡಿಮೆ ಆದಾಯದವರ ಮೇಲೆ ಹೆಚ್ಚು ಭಾರ ಹಾಕುತ್ತದೆ. 2025ರಲ್ಲಿ ಪೊಲೀಸ್ ಮತ್ತು ನ್ಯಾಯ ವ್ಯವಸ್ಥೆಯ ಖರ್ಚಿಗಾಗಿ ಕೌನ್ಸಿಲ್‌ಗಳೇ ಮತದಾರರನ್ನು ಕೇಳದೆ ಶೇ. 0.1ರಷ್ಟು ಮಾರಾಟ ತೆರಿಗೆ ಹಾಕಲು ರಾಜ್ಯವು ಷರತ್ತುಬದ್ಧ ಅವಕಾಶ ಕೊಟ್ಟದ್ದು ಈ ಒತ್ತಡದಿಂದಲೇ.

ಶೇ. 3 ಎಂಬ ಸ್ಥಿರ ಸಂಖ್ಯೆಯನ್ನು ನಾನೂ ಕೇಳುವುದಿಲ್ಲ. ಮಿತಿಯನ್ನು ಹಣದುಬ್ಬರಕ್ಕೂ ಜನಸಂಖ್ಯೆಯ ಬೆಳವಣಿಗೆಗೂ ಜೋಡಿಸಿ, ಅದೇ ಮಸೂದೆಯಲ್ಲಿ ಹಿರಿಯರಿಗೂ ಅಂಗವಿಕಲರಿಗೂ ಇರುವ ತೆರಿಗೆ ವಿನಾಯಿತಿಯನ್ನು ವಿಸ್ತರಿಸಬೇಕು ಎಂದು ನಗರ ಕೇಳಲಿ. ನಿಮ್ಮ ನೆರೆಯವರಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗುತ್ತದೆ ಎಂದು ನಂಬುತ್ತೇನೆ. ನಮ್ಮ ಬಿಲ್ಲಿನ ಹೆಚ್ಚಿನ ಭಾಗ ಹೋಗುವುದು ಶಾಲೆಗಳಿಗೆ. ನಗರದ ಪಾಲು ಅದರಲ್ಲಿ ಸಣ್ಣದು.

ಉತ್ತರ 4: ಜಯನಗರ ವಾಸಿ

ಬೆಂಗಳೂರಿನಿಂದ ಈ ಚರ್ಚೆಯನ್ನು ಓದುತ್ತಿರುವ ನನಗೆ, ನಿಮ್ಮ ಪಟ್ಟಿಯಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಮಾಡಲು ಒಂದು ಚುನಾಯಿತ ಸಭೆ ಇದೆ ಎಂಬುದೇ ದೊಡ್ಡದಾಗಿ ಕಾಣುತ್ತಿದೆ. ನಮ್ಮಲ್ಲಿ 1993ರಿಂದ ಜಾರಿಯಲ್ಲಿರುವ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು ಮತ್ತು ಹದಿನೆಂಟು ವಿಷಯಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಹೆಸರಿಸಿತು. ಕಾಗದದ ಮೇಲೆ ನಮ್ಮ ಸ್ಥಾನ ನಿಮ್ಮ ನಗರಕ್ಕಿಂತ ಭದ್ರ. ಆದರೂ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ನಗರದ ಆಡಳಿತ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಬೆಂಗಳೂರಿನ ಆಡಳಿತವನ್ನೇ ಮರುರೂಪಿಸಿದ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂದಿತು, ಬಿಬಿಎಂಪಿಯ ಸ್ಥಳದಲ್ಲಿ ಐದು ಪಾಲಿಕೆಗಳಾದವು. ಶಾಸಕರ ಜಂಟಿ ಪರಿಶೀಲನಾ ಸಮಿತಿ ಜನರ ಅಭಿಪ್ರಾಯಗಳನ್ನು ಕೇಳಿದ್ದು ನಿಜ. ಆದರೆ ನಗರದ ಪರವಾಗಿ, ಮತ ಹಾಕಿ ತೀರ್ಮಾನಿಸಿದ ಒಂದು ನಿಲುವನ್ನು ಆ ಸಮಿತಿಯ ಮುಂದೆ ಇಡಲು ಒಬ್ಬ ಕಾರ್ಪೊರೇಟರ್ ಕೂಡ ಅಧಿಕಾರದಲ್ಲಿ ಇರಲಿಲ್ಲ.

ಐದು ಪಾಲಿಕೆಗಳಿಗೆ ಚುನಾವಣೆ ನಡೆದ ಮೇಲೆ, ಪ್ರತಿ ಅಧಿವೇಶನಕ್ಕೂ ಮುನ್ನ ರಾಜ್ಯದಿಂದ ತಮಗೆ ಬೇಕಾದುದನ್ನು ತೆರೆದ ಸಭೆಯಲ್ಲಿ ಚರ್ಚಿಸಿ, ಮತ ಹಾಕಿ, ಪ್ರಕಟಿಸುವ ಪದ್ಧತಿಯನ್ನು ಅವು ಆರಂಭಿಸಬೇಕೆಂಬುದು ನನ್ನ ಬಲವಾದ ಆಸೆ. ಅದಕ್ಕೆ ಕಾಯ್ದೆಯ ತಿದ್ದುಪಡಿಯೂ ಬೇಕಿಲ್ಲ, ಒಂದು ನಿರ್ಣಯ ಸಾಕು. ಜಲಮಂಡಳಿ, ಸಾರಿಗೆ ಸಂಸ್ಥೆ, ಬಿಡಿಎಗಳೆಲ್ಲ ರಾಜ್ಯದ ಅಧೀನದಲ್ಲಿರುವ ನಗರದಲ್ಲಿ ಪಾಲಿಕೆ ತನ್ನ ಬೇಡಿಕೆಯನ್ನು ಬರೆದಿಡುವುದು ನಿಮಗಿಂತ ನಮಗೇ ಹೆಚ್ಚು ಅಗತ್ಯ.

ಪ್ರಶ್ನೆ ಕೇಳಿದವರಿಂದ: ಪೂರ್ವದಡದ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿ ಚಿಕ್ಕದಾಗಿರಬೇಕು ಎಂಬ ಮಾತು ಮನಸ್ಸಿಗೆ ಒಪ್ಪಿತು. ಆದರೆ ಅದೇ ಮಾತಿನಂತೆ ನೋಡಿದರೆ ನನ್ನ ದಾಟುದಾರಿಯ ಬೇಡಿಕೆಗೆ ಜಾಗವೇ ಇಲ್ಲದಂತಾಗುವುದಿಲ್ಲವೇ? ವೀಸಾದ ಪ್ರಶ್ನೆಗೂ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.

ಉತ್ತರ 5: ಕಿಂಗ್ ಕೌಂಟಿ ಕನ್ನಡಿಗ

ಜಾಗ ಇದೆ, ಬೇಡಿಕೆಯ ರೂಪ ಬದಲಾಗಬೇಕು. ರಾಜ್ಯದ ಎರಡು ವರ್ಷಗಳ ಆಯವ್ಯಯ 2025ರಲ್ಲಿಯೇ ಅಂಗೀಕಾರವಾಗಿದೆ. 2026ರ ಚಿಕ್ಕ ಅಧಿವೇಶನದಲ್ಲಿ ಆಗುವುದು ಪೂರಕ ಹೊಂದಾಣಿಕೆ ಮಾತ್ರ. ಆದ್ದರಿಂದ ದಾಟುದಾರಿಯನ್ನು ಕಟ್ಟಿಸುವ ಪೂರ್ತಿ ಹಣವನ್ನು ಈ ವರ್ಷ ಕೇಳಿದರೆ ಸಿಗುವ ಸಂಭವ ಕಡಿಮೆ. ವಿನ್ಯಾಸ ಮತ್ತು ಸಂಚಾರ ಅಧ್ಯಯನದ ಖರ್ಚನ್ನು ಮಾತ್ರ ಈಗ ಕೇಳಿ, ನಿರ್ಮಾಣದ ಹಣವನ್ನು 2027ರ ದೀರ್ಘ ಅಧಿವೇಶನಕ್ಕೆ ಇಟ್ಟುಕೊಳ್ಳುವಂತೆ ಕೌನ್ಸಿಲ್‌ಗೆ ಬರೆಯಿರಿ. ಆ ರಸ್ತೆ ರಾಜ್ಯದ ಹೆದ್ದಾರಿಯಾದ್ದರಿಂದ ನಗರ ಒಂದೇ ಅದನ್ನು ಬದಲಿಸಲಾಗದು ಎಂಬ ವಾದವೇ ನಿಮ್ಮ ಪತ್ರದ ಮೊದಲ ಸಾಲಾಗಿರಲಿ. ನೆರೆಹೊರೆಯವರು ಪ್ರತ್ಯೇಕವಾಗಿ ತಮ್ಮ ತಮ್ಮ ಮಾತಿನಲ್ಲಿ ಬರೆದರೆ, ಒಂದೇ ಒಕ್ಕಣೆಯ ಪತ್ರಕ್ಕೆ ಎಲ್ಲರೂ ಸಹಿ ಹಾಕುವುದಕ್ಕಿಂತ ಅದಕ್ಕೆ ಹೆಚ್ಚು ತೂಕ.

ವೀಸಾದ ಬಗ್ಗೆ ನೀವು ಹಿಂಜರಿಯಬೇಕಿಲ್ಲ. ಕೌನ್ಸಿಲ್ ಸಭೆಯಲ್ಲಿ ಅಭಿಪ್ರಾಯ ಹೇಳಲು ಪೌರತ್ವ ಬೇಕಿಲ್ಲ, ಮತದಾನದ ಹಕ್ಕೂ ಬೇಕಿಲ್ಲ. ಅಂತಿಮ ತೀರ್ಮಾನ ತೆಗೆದುಕೊಳ್ಳುವ ಪ್ರತಿ ನಿಯಮಿತ ಸಭೆಯಲ್ಲಿ, ಅಥವಾ ಅದಕ್ಕೂ ಮುನ್ನ, ಸಾರ್ವಜನಿಕರ ಅಭಿಪ್ರಾಯಕ್ಕೆ ಅವಕಾಶ ಕೊಡಲೇಬೇಕೆಂದು ಸಾರ್ವಜನಿಕ ಸಭೆಗಳ ಬಗೆಗಿನ ರಾಜ್ಯದ ಕಾನೂನಿಗೆ ಬಂದ 2022ರ ತಿದ್ದುಪಡಿ ಹೇಳುತ್ತದೆ. ಒಲಿಂಪಿಯಾದ ಸಮಿತಿಗಳ ಮುಂದೆಯೂ ಮನೆಯಿಂದಲೇ ಆನ್‌ಲೈನ್ ಮೂಲಕ ಮಾತನಾಡಬಹುದು. ಮಾತನಾಡಲು ಸಂಕೋಚವಾದರೆ ಮಸೂದೆಯ ಪರವೋ ವಿರುದ್ಧವೋ ಎಂದಷ್ಟೇ ದಾಖಲಿಸಬಹುದು. ವಿಚಾರಣೆ ಆರಂಭವಾಗುವ ಒಂದು ಗಂಟೆ ಮುಂಚೆ ಅದನ್ನು ಮಾಡಿರಬೇಕು. ಕೆಲಸದ ವೀಸಾದಲ್ಲಿರುವವರು ಚುನಾವಣೆಗೆ ದೇಣಿಗೆ ಕೊಡುವುದು ಮಾತ್ರ ಕೇಂದ್ರದ ಕಾನೂನಿನಂತೆ ನಿಷಿದ್ಧ, ಅದೊಂದನ್ನು ನೆನಪಿಡಿ.

ಮುಂದಿನ ಅಧಿವೇಶನದ ಮಸೂದೆಗಳನ್ನು ಡಿಸೆಂಬರ್ ತಿಂಗಳ ಮೊದಲ ಸೋಮವಾರದಿಂದಲೇ ಸಲ್ಲಿಸಲು ಅವಕಾಶವಿದೆ, ಮತ್ತು 2025ರಲ್ಲಿ ಅಂಗೀಕಾರವಾಗದೆ ಉಳಿದ ಮಸೂದೆಗಳೂ 2026ರಲ್ಲಿ ಜೀವಂತವಾಗಿರುತ್ತವೆ. ಹಾಗಾಗಿ ಜನವರಿಯವರೆಗೆ ಕಾಯಬೇಡಿ. ಕೌನ್ಸಿಲ್ ಮತ ಹಾಕುವ ಸಭೆಗೆ ಒಂದು ವಾರ ಮುಂಚೆಯೇ ಪತ್ರ ಕಳುಹಿಸಿ, ಅದರ ಒಂದು ಪ್ರತಿಯನ್ನು ನಿಮ್ಮ ಕ್ಷೇತ್ರದ ಸೆನೆಟರ್‌ಗೂ ಶಾಸನಸಭೆಯ ಕೆಳಮನೆಯ ಇಬ್ಬರು ಪ್ರತಿನಿಧಿಗಳಿಗೂ ತಲುಪಿಸಿ.