ಸದ್ದು ಅಡಗಿಸಿದರೆ ಕ್ರೌನ್ ಸರಿಯಾಗುತ್ತದಾ?

ಗುಂಪು: ಮೆಕ್ಯಾನಿಕಲ್ ಬ್ಯಾಚ್, ಕಲಬುರಗಿ

ಶಹಾಬಾದ್ ದೋಸ್ತ್: (ವಿಡಿಯೊ ಫಾರ್ವರ್ಡ್) ಎಲ್ಲರೂ ನೋಡಿ. ಹಿಂದಿನ ಕ್ರೌನ್ (ಹಿಂದಿನ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಚಕ್ರ) ಊಳಿಡುತ್ತಿದ್ದರೆ 140 ನಂಬರ್ ದಪ್ಪ ಗೇರ್ ಆಯಿಲ್‌ಗೆ ಒಂದು ಮುಷ್ಟಿ ಮರದ ಪುಡಿ ಕಲಸಿ ಹಾಕಬೇಕಂತೆ, ಸದ್ದು ಬಂದ್. ನನ್ನ ಎರಡು ಸೀಟಿನ ಕಾರಿಗೆ ನಾಳೆ ಇದನ್ನೇ ಮಾಡುತ್ತೇನೆ. ಭಾನುವಾರ ಬೀದರಿನಿಂದ ಗಿರಾಕಿ ಬರುತ್ತಿದ್ದಾನೆ.

ನಾನು: ಬೇಡ ತಮ್ಮಾ. ಕೈಮುಗಿದು ಹೇಳುತ್ತೇನೆ, ಬೇಡ.

ಸೇಡಂ ಲಾರಿ: ಯಾಕೆ ಬೇಡ? ನಮ್ಮ ಲಾರಿಗಳಿಗೆ ಮೊದಲಿಂದಲೂ 140 ಹಾಕುತ್ತೇವೆ. ತೊಗರಿ ಲೋಡ್ ಹೊತ್ತು ಓಡುತ್ತವೆ, ಏನೂ ಆಗಿಲ್ಲ.

ನಾನು: ಲಾರಿಯ ಪುಸ್ತಕದಲ್ಲಿ 140 ಅಂತ ಇದ್ದರೆ ಹಾಕಲೇಬೇಕು ಅಣ್ಣ. ಈ ಕಾರಿನ ಪುಸ್ತಕದಲ್ಲಿ 75ಡಬ್ಲ್ಯೂ-90 (140ಕ್ಕಿಂತ ತೆಳು), ಜಿಎಲ್-5 (ಗೇರ್ ಆಯಿಲ್‌ನ ದರ್ಜೆ) ಅಂತ ಇದೆ. ದಪ್ಪ ಆಯಿಲ್ ಸದ್ದನ್ನು ಸ್ವಲ್ಪ ದಿನ ನುಂಗುತ್ತದೆ, ಸವೆತ ಒಳಗೆ ನಡೆದೇ ಇರುತ್ತದೆ. ಮರದ ಪುಡಿ ಅಂತೂ ಬೇರಿಂಗ್‌ಗೆ ಆಯಿಲ್ ಹೋಗುವ ದಾರಿಯನ್ನೇ ಕಟ್ಟುತ್ತದೆ.

ಬೆಂಗಳೂರು ಗೆಳೆಯ: ಸುಮ್ನೆ ಯಾಕೆ ಜಗಳ? ಇಡೀ ಡಿಫರೆನ್ಷಿಯಲ್ ಬದಲಿಸಿಬಿಡಿ.

ನಾನು: ಅದೂ ತಪ್ಪು. ಸದ್ದು ಡಿಫರೆನ್ಷಿಯಲ್‌ನದೇ ಅಂತ ಇನ್ನೂ ಯಾರಿಗೆ ಗೊತ್ತು? ಟೈರ್ ಇರಬಹುದು, ಚಕ್ರದ ಬೇರಿಂಗ್ ಇರಬಹುದು. ದೋಸ್ತ್, ನಾಳೆ ಬೆಳಗ್ಗೆ 6 ಗಂಟೆಗೆ ಬೇರೆ ಗಾಡಿ ಇಲ್ಲದ ಹೊತ್ತಲ್ಲಿ ಸೇಡಂ ರಿಂಗ್ ರೋಡಿಗೆ ಹೋಗು. 50ರಲ್ಲಿ ಓಡಿಸು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಊಳಿಟ್ಟು, ಬಿಟ್ಟಾಗ ನಿಂತರೆ ಕ್ರೌನ್-ಪಿನಿಯನ್ (ಪಿನಿಯನ್ ಅಂದರೆ ಕ್ರೌನನ್ನು ತಿರುಗಿಸುವ ಚಿಕ್ಕ ಗೇರ್) ಹಲ್ಲಿನ ಮೇಲೆ ಅನುಮಾನ. ಒತ್ತಿದರೂ ಬಿಟ್ಟರೂ ಗುರ್ ಅನ್ನುತ್ತಿದ್ದರೆ ಡಿಫರೆನ್ಷಿಯಲ್ ಒಳಗಿನ ಬೇರಿಂಗ್. ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಸದ್ದು ಏರಿಳಿದರೆ ಚಕ್ರದ ಬೇರಿಂಗ್. ನುಣುಪು ಡಾಂಬರಿಗೆ ಬಂದ ಕೂಡಲೇ ಕಡಿಮೆಯಾದರೆ ಟೈರ್. ಆಮೇಲೆ ಆಯಿಲ್ ಇಳಿಸು. ಆದರೆ ಮೊದಲು ತುಂಬುವ ಬೋಲ್ಟ್ ಬಿಚ್ಚು, ಅದು ಬಿಚ್ಚಿದ ಮೇಲೇ ಇಳಿಸುವ ಬೋಲ್ಟ್ ಮುಟ್ಟು. ತುಂಬುವ ಬೋಲ್ಟ್ ತುಕ್ಕು ಹಿಡಿದು ಕೂತಿದ್ದರೆ ಆಯಿಲ್ ಇಲ್ಲದ ಡಿಫರೆನ್ಷಿಯಲ್ ಇಟ್ಟುಕೊಂಡು ಪೇಚಾಡಬೇಕಾಗುತ್ತದೆ.

ಸೇಡಂ ಲಾರಿ: ಇಷ್ಟೆಲ್ಲ ಹೇಳಿ ಕೊನೆಗೆ ನಿನ್ನ ಗ್ಯಾರೇಜಿಗೇ ತಾ ಅನ್ನುತ್ತೀ, ಅಲ್ವಾ?

ನಾನು: ಒಂದು ರೂಪಾಯಿ ಬೇಡ ಅಣ್ಣ. ನಾನೂ ಒಮ್ಮೆ ಹಳೆ ಜೀಪಿಗೆ ದಪ್ಪ ಆಯಿಲ್ ಹಾಕಿ ಸದ್ದು ನಿಲ್ಲಿಸಿದ್ದೆ. ಕಮಲಾಪುರ ದಾಟಿದ ಮೇಲೆ ಪಿನಿಯನ್ ಬೇರಿಂಗ್ ಜಾಮ್ ಆಗಿ, ಹಿಂದಿನ ಎರಡೂ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗಿತು. ಪಕ್ಕದಲ್ಲಿ ಅಪ್ಪ ಕೂತಿದ್ದರು. ಎದುರಿಗೆ ಬಸ್ ಬರಲಿಲ್ಲ, ಅದಕ್ಕೇ ಇಬ್ಬರೂ ಉಳಿದೆವು. ಬೀದರಿನ ಆ ಹುಡುಗ ಹುಮನಾಬಾದ್ ರಸ್ತೆಯಲ್ಲೇ ಮನೆಗೆ ಹೋಗಬೇಕು. ಅವನಿಗೂ ಮನೆಯವರಿದ್ದಾರೆ.

(ಮರುದಿನ)

ಶಹಾಬಾದ್ ದೋಸ್ತ್: ಹೋಗಿ ಬಂದೆ. ಒತ್ತಿದರೂ ಬಿಟ್ಟರೂ ಗುರ್ ಅನ್ನುತ್ತದೆ. ತಿರುಗಿಸಿದರೆ ಬದಲಾಗಲಿಲ್ಲ. ಆಯಿಲ್ ಅರ್ಧವೂ ಇರಲಿಲ್ಲ. ಬೋಲ್ಟಿನ ಮ್ಯಾಗ್ನೆಟ್ ಮೇಲೆ ಬೂದು ಪೇಸ್ಟ್, ಜೊತೆಗೆ ಹೊಳೆಯುವ ಚೂರುಗಳು.

ನಾನು: ಬೂದು ಪೇಸ್ಟ್ ಇರುವುದೇ. ಚೂರು ಇರಬಾರದು. ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದ ಶಾಫ್ಟ್) ಬಿಚ್ಚಿ, ಅದು ಕೂರುವ ಪಿನಿಯನ್ ಫ್ಲಾಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸು.

ಶಹಾಬಾದ್ ದೋಸ್ತ್: ಅಲ್ಲಾಡುತ್ತದೆ. ಸೀಲ್ ಸುತ್ತ ಎಲ್ಲ ಎಣ್ಣೆ.

ನಾನು: ಹಾಗಾದರೆ ಗೊತ್ತಾಯಿತು. ಸೀಲ್ ಸೋರಿ ಆಯಿಲ್ ಇಳಿದಿದೆ. ಪಿನಿಯನ್‌ನ ಮುಂದಿನ ಬೇರಿಂಗಿಗೆ ಕ್ರೌನ್ ಎರಚಿದ ಆಯಿಲ್ ಮಾತ್ರ ಸಿಗುವುದು, ಮಟ್ಟ ಇಳಿದರೆ ಮೊದಲು ಒಣಗುವುದೂ ಅದೇ. ಎರಡೂ ಪಿನಿಯನ್ ಬೇರಿಂಗ್, ಸೀಲ್, ನಟ್, ಕ್ರಶ್ ಸ್ಲೀವ್ (ಎರಡು ಬೇರಿಂಗ್ ನಡುವೆ ಅಮುಕಿ ಕೂರುವ ಕೊಳವೆ) ಹೊಸದು ತರಿಸು. ಹಳೆ ಸ್ಲೀವ್ ಹಾಕಬೇಡ, ಅದು ಒಮ್ಮೆ ಅಮುಕಿದರೆ ಮುಗಿಯಿತು. ನಟ್ ಜಾಸ್ತಿ ಬಿಗಿಯಾದರೆ ಸಡಿಲಿಸಿ ಸರಿಮಾಡಲು ಆಗುವುದಿಲ್ಲ, ಮತ್ತೊಂದು ಸ್ಲೀವೇ ಬೇಕು. ಕ್ರೌನ್ ಹಲ್ಲು ಚೆನ್ನಾಗಿದ್ದರೆ ಅದನ್ನೇ ಉಳಿಸೋಣ. ಕೆಟ್ಟಿದ್ದರೆ ಕ್ರೌನ್ ಪಿನಿಯನ್ ಜೋಡಿಯಾಗಿಯೇ ಬದಲಿಸಬೇಕು.

ಬೆಂಗಳೂರು ಗೆಳೆಯ: ಬೇರಿಂಗ್ ಸೆಟ್ ಇಲ್ಲಿ ಹುಡುಕಿ ಕಳಿಸುತ್ತೇನೆ. ಪಾರ್ಟ್ ನಂಬರ್ ಹಾಕು.

ಶಹಾಬಾದ್ ದೋಸ್ತ್: ಬೀದರಿನವನಿಗೆ ಫೋನ್ ಮಾಡಿದೆ. ಇರುವುದನ್ನೆಲ್ಲ ಹೇಳಿದೆ. ರಿಪೇರಿ ಆದ ಮೇಲೆ ಬರುತ್ತೇನೆ, ಹಳೆ ಬೇರಿಂಗ್ ಎಸೆಯಬೇಡಿ, ನೋಡಬೇಕು ಅಂದ.

ನಾನು: ಒಳ್ಳೆಯದಾಯಿತು ದೋಸ್ತ್. ಮನಸ್ಸಿಗೆ ಸಮಾಧಾನ ಆಯಿತು.

ಸೇಡಂ ಲಾರಿ: ನನ್ನ ಹತ್ತಿರ ಬೇರಿಂಗ್ ಪುಲ್ಲರ್ ಇದೆ. ಬೆಳಗ್ಗೆ ಹುಡುಗನ ಕೈಲಿ ಕಳಿಸುತ್ತೇನೆ.

ನಾನು: ಕಳಿಸಿ ಅಣ್ಣ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಳೆಯಲು ಡಯಲ್ ಗೇಜ್ ನಾನು ತರುತ್ತೇನೆ. ದೋಸ್ತ್, ನಾನು ಬರುವ ಮೊದಲು ಕ್ರೌನ್ ಹೊರಗೆ ತೆಗೆದರೆ ಎಡದ ಶಿಮ್ (ಅಂತರ ಹೊಂದಿಸುವ ತೆಳು ಬಳೆ) ಎಡಕ್ಕೆ, ಬಲದ್ದು ಬಲಕ್ಕೆ ಅಂತ ಗುರುತು ಹಾಕಿ ಇಡು. ಅದು ಅದಲು ಬದಲಾಯಿತೋ, ಹೊಸ ಬೇರಿಂಗ್ ಹಾಕಿದರೂ ಊಳಿಡುವುದು ನಿಲ್ಲುವುದಿಲ್ಲ.